ಶೇಂಗಾ ಎಣ್ಣೆಯ ಉಪದೇಶಿಗಳು

ನಮ್ಮ ಉಪದೇಶಿಗಳ ಬಲಗೈ ಕಿರುಬೆರಳಿಗೆ ಉದ್ದನೆಯ ಉಗುರಿತ್ತು. ಅದರಿಂದ ಕಿವಿ ತೋಡಿಕೊಂಡು, ಅದೇ ಉಗುರಿನಿಂದ ಬೈಬಲ್ಲಿನ ಹಾಳೆ ತಿರುವುತ್ತಿದ್ದರು. ಯಲವಿಗಿ ಸ್ಟೇಶನ್ನಿನಾಚೆಯ ಸಣ್ಣ ಚರ್ಚಿಗೆ ಪಾದ್ರಿಗಳು ಬರುವುದು ತಿಂಗಳಿಗೊಮ್ಮೆ. ಉಳಿದ ದಿನ ಪ್ರಾರ್ಥನೆ, ಶಾಲೆ, ಜಗಳ ಬಿಡಿಸುವುದು ಎಲ್ಲಾ ಇವರದೇ. ನನಗೆ ಅಕ್ಷರ ಕಲಿಸಿದವರೂ ಇವರೇ. "ತಾರೀಖ ಹಾಕದ ಬರದದ್ದು ಗಾಳಿಮಾತು" ಎನ್ನುತ್ತಿದ್ದರು. ನಾನು ದಿನಚರಿ ಬರೆಯುವುದು ಆ ಮಾತಿನಿಂದ. ಆದರೂ ಅವರನ್ನು ನೆನೆದರೆ ಮೊದಲು ಬರುವುದು ವಾಕರಿಕೆ.

ಚರ್ಚಿನಲ್ಲಿ ಹತ್ತಿ ನಿಂತು ಉಪದೇಶ ಮಾಡುವ ಮರದ ಪೀಠವೊಂದಿತ್ತು, ಅಜ್ಜನ ಕಾಲದ್ದು. ಅದರ ಮುಂದಿನ ಹಲಗೆಯ ಮೇಲೆ ಯಾರೋ ಚಿತ್ರಗಾರ, ಬಾವಿಕಟ್ಟೆಯ ಮೇಲೆ ಕೂತು ನೀರು ಕೇಳುವ ಯೇಸುವನ್ನೂ ಎದುರಿಗೆ ಕೊಡ ಹಿಡಿದು ನಿಂತ, ಯೇಸುವಿನ ಜನ ನೀರು ಮುಟ್ಟದ ಸಮಾರ್ಯ ಕುಲದ ಹೆಂಗಸನ್ನೂ ಬರೆದಿದ್ದ. ಆಕೆಗೆ ಇಳಕಲ್ ಸೀರೆ ಉಡಿಸಿದ್ದ. ಊರ ಬಾವಿಗೆ ನಮ್ಮವರು ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯುವವರೆಗೆ ಅವ್ವ ಬಿಸಿಲಲ್ಲಿ ಕಾಯುತ್ತಿದ್ದಳು. ಭಾನುವಾರ ಮಾತ್ರ ಆ ಹಲಗೆಯ ಎದುರಿಗೇ ಕೂಡುತ್ತಿದ್ದಳು. "ಅಕಿ ನಮ್ಮಾಕಿ" ಎನ್ನುತ್ತಿದ್ದಳು.

ಎರಡನೇ ಮಹಾಯುದ್ಧ ಶುರುವಾದ ವರ್ಷ ದೊಡ್ಡ ಪಾದ್ರಿಗಳು ಬರುತ್ತಾರೆಂದು ಸುದ್ದಿಯಾಯಿತು. ಮಾಸಿದ ಪೀಠವನ್ನು ಹೊಸದು ಮಾಡುತ್ತೇನೆಂದು ಉಪದೇಶಿಗಳು ತಾವೇ ಕುಂಚ ಹಿಡಿದರು. ಬಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಬೇಕು, ಅದು ಒಣಗುತ್ತದೆ. ಇವರು ಮನೆಯಲ್ಲಿದ್ದ ಶೇಂಗಾ ಎಣ್ಣೆ ಸುರಿದರು. "ಎಣ್ಣಿ ಅಂದ್ರ ಎಣ್ಣಿನ!" ಇಳಕಲ್ ಸೀರೆಯ ಮೇಲೆ ಬಿಳಿ ನಿಲುವಂಗಿ ಬಂತು, ಕಪ್ಪು ಮುಖಕ್ಕೆ ಗುಲಾಬಿ ಬಣ್ಣ. ಅವ್ವ ಅಂದು ಊಟ ಮಾಡಲಿಲ್ಲ.

ಬಣ್ಣ ಒಣಗಲೇ ಇಲ್ಲ. ನನ್ನ ದಿನಚರಿಯಲ್ಲಿ ಭಾನುವಾರದ ಮೇಲೆ ಭಾನುವಾರ "ಅಂಟು" ಎಂಬ ಒಂದೇ ಶಬ್ದವಿದೆ. ಎಣ್ಣೆ ಕಮಟು ಹಿಡಿದು ನಾರಿತು. ಇರುವೆ ಸಾಲುಗಟ್ಟಿದವು, ನೊಣಗಳು ನಿಲುವಂಗಿಗೆ ಅಂಟಿ ಸತ್ತವು, ಇಲಿಗಳು ಯೇಸುವಿನ ಪಾದ ನೆಕ್ಕಿದವು. ಅದರ ಹಿಂದೆಯೇ ನಿಂತು ಉಪದೇಶಿಗಳು ಪವಿತ್ರತೆಯ ಬಗ್ಗೆ ಮಾತಾಡುತ್ತಿದ್ದರು. ಕೇಳಿದರೆ, "ಒಣಗತೈತಿ, ತಡೀರಿ."

ದೊಡ್ಡ ಪಾದ್ರಿಗಳು ಬರುವ ಹಿಂದಿನ ವಾರ ಪ್ರಾರ್ಥನೆ ಮುಗಿದದ್ದೇ ಅವ್ವ ಎದ್ದಳು. ಎಣ್ಣೆಸ್ನಾನಕ್ಕೆ ಮೈ ಉಜ್ಜುವ ಕಡ್ಲಿಹಿಟ್ಟಿನ ಬುಟ್ಟಿಯನ್ನು ಅವರ ಮುಂದೆ ಕುಕ್ಕಿದಳು.

"ನೀವ ಹಚ್ಚೀರಿ, ನೀವ ಒರಸ್ರಿ."

"ಹಲಗಿಗೆ ಎರಿಯೂದೇನವಾ?"

"ಮೈತುಂಬ ಎಣ್ಣಿ ಹಚ್ಚಿ ಕುಂಡ್ರಿಸೀರಿ. ಎರೀಬ್ಯಾಡೇನ್ರಿ?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಉಪದೇಶಿಗಳು ಕೂತು ಹಿಟ್ಟು ಹಚ್ಚಿ ಉಜ್ಜಿದರು. ನಡುವೆ ಎರಡು ಸಲ ಹೊರಗೋಡಿ ವಾಂತಿ ಮಾಡಿ ಬಂದರು. ನಿಲುವಂಗಿ ನೊಣಗಳ ಸಮೇತ ಮುದ್ದೆಮುದ್ದೆಯಾಗಿ ಕಳಚಿ ಬಂತು. ಅದರಡಿ ಕೆಂಪು ಸೆರಗು ಕಂಡಿತು, ಆಮೇಲೆ ಕೊಡ, ಕೊನೆಗೆ ಆ ಕಪ್ಪು ಮುಖ. ಹಸಿಬಣ್ಣ ಹಳೆಯದನ್ನು ಕಚ್ಚಿರಲೇ ಇಲ್ಲ. ಅಗಸಿ ಎಣ್ಣೆಯಾಗಿದ್ದರೆ ಆಕೆ ಮತ್ತೆ ಕಾಣುತ್ತಿರಲಿಲ್ಲ.

ಉಪದೇಶಿಗಳು ಬಾಯಿ ಒರೆಸಿಕೊಂಡು ಜನರತ್ತ ತಿರುಗಿದರು. "ನೋಡಿದ್ರ್ಯಾ? ಹಳೇ ಕೊಳಿ ಎಳೀಲಿ ಅಂತನ ಶೇಂಗಾ ಎಣ್ಣಿ ಹಾಕಿದ್ದೆ!"

ದೊಡ್ಡ ಪಾದ್ರಿಗಳಿಗೂ ಅದನ್ನೇ ಹೇಳಿ ಬೆನ್ನು ತಟ್ಟಿಸಿಕೊಂಡರು. ಸಾಯುವವರೆಗೂ ಹೇಳಿದರು. ಯುದ್ಧ ಮುಗಿಯುವ ಮೊದಲೇ ತೀರಿಕೊಂಡಾಗ, ಕುಣಿಯ ಪಕ್ಕ ನಿಂತ ಪಾದ್ರಿಗಳು "ನಮ್ಮ ಪೀಠವನ್ನು ಉಳಿಸಿದವರು" ಎಂದರು. ಅದು ಸುಳ್ಳೆನ್ನಲು ನಾನು ಬಾಯಿ ತೆರೆದೆ. ಅವ್ವ ನನ್ನ ಕೈ ಅದುಮಿದಳು.

"ಸುಮ್ಮನಿರೋ. ಖರೇನ ಐತಲ್ಲ? ಅಂವ ಶಾಣ್ಯಾ ಇದ್ದಿದ್ರ ಎಲ್ಲಾ ಹೋಗ್ತಿತ್ತು."

ನಾನೂ ಒಂದು ಹಿಡಿ ಮಣ್ಣು ಹಾಕಿದೆ.