ಅಕ್ಕನ್ನ ಕೇಳಿ

ಆ ದಿನ ಹಸು ಕರೆದು, ಡೈರಿಗೆ ಹಾಲು ಹಾಕಿ, ಅವರೆಕಾಯಿ ಕಿತ್ತು ಮೂಟೆ ಕಟ್ಟುವಷ್ಟರಲ್ಲಿ ದಲ್ಲಾಳಿ ಬಂದ. ತೂಬಗೆರೆಯ ಸಣ್ಣ ರೈತರನ್ನೆಲ್ಲ ಸಂಘಕ್ಕೆ ಸೇರಿಸಿದ್ದ ಅಕ್ಕ, "ಒಬ್ರು ಬೆಲೆ ಇಳಿಸಿದ್ರೆ ಎಲ್ರೂ ಮುಳುಗ್ತೀವಿ" ಎನ್ನುತ್ತಿದ್ದರು. ಅವನು ಬೆಲೆ ಇಳಿಸಿ ಕೇಳಿದಾಗ ನಾನು "ಅಕ್ಕನ್ನ ಕೇಳಿ" ಎಂದೆ. ಮನೆಮನೆಯಲ್ಲೂ ಅವನಿಗೆ ಅದೇ ಉತ್ತರ ಸಿಕ್ಕಿತು.

ಕೊನೆಗೆ ಅವನು ಅಕ್ಕನ ಮನೆಗೇ ಹೋದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಅವನಿಗೆ ಮಜ್ಜಿಗೆ ಕೊಟ್ಟರು. "ಕೂತ್ಕೋ ಅಣ್ಣಾ, ಎಲ್ರನ್ನೂ ಒಂದ್ಮಾತು ಕೇಳ್ಕೊಂಡ್ ಬರ್ತೀನಿ."

"ಅಯ್ಯೋ, ಅವ್ರು ನಿನ್ನೇ ಕೇಳು ಅಂತಾರೆ ಕಣಮ್ಮಾ! ಕಾಯಿ ಬಾಡ್ತಾ ಇಲ್ವಾ?"

"ಬಾಡ್ತಾ ಐತೆ. ನಿನ್ ಗಾಡೀನೂ ಖಾಲಿ ನಿಂತೈತೆ."

ಮಜ್ಜಿಗೆ ಮುಗಿಯುವ ಹೊತ್ತಿಗೆ ಅವನು ಸಂಘದ ಬೆಲೆಗೆ ಒಪ್ಪಿ, ಎಲ್ಲರ ಮೂಟೆಗಳನ್ನೂ ಏರಿಸಿಕೊಂಡ.

ಸಂಜೆ ನಮ್ಮ ಮನೆಯಲ್ಲಿ ಅಕ್ಕನಿಗೆ ಮುದ್ದೆ, ಸೊಪ್ಪಿನ ಸಾರು. "ಒಂದ್ ಬೊಗಸೆ ಅವರೆಕಾಯಿ ಎತ್ತಿಟ್ಕೊಳ್ಳೋಕೂ ಆಗ್ಲಿಲ್ವಾ?" ಎಂದು ಬೈಯುತ್ತಲೇ ಉಂಡು, ಎಲ್ಲರಿಗಿಂತ ಮೊದಲು ಗೋಡೆಗೊರಗಿ ನಿದ್ದೆ ಹೋದರು.