ಅಂಚೆ ಡಬ್ಬಿಯ ಯುದ್ಧ

ನೆವಿಲ್ ಟ್ರೆಂಬತ್ ಮೋಸಗಾರ ಅಂತ ಗಣಿಯೂರು ಬ್ರೋಕನ್ ಹಿಲ್‌ನಲ್ಲಿ ಯಾರ ಹತ್ತಿರವಾದರೂ ಹೇಳಿ ನೋಡಿ, ಹೇಳಿದವರಿಗೇ ಉಗಿದು ಉಪ್ಪಿನಕಾಯಿ ಹಾಕುತ್ತಾರೆ. ಮೂವತ್ತೊಂದು ವರ್ಷ ಗಣಿಯ ತೊಟ್ಟಿಲು, ಅಂದರೆ ಆಳುಗಳನ್ನು ಇಳಿಸಿ ಏರಿಸುವ ಲಿಫ್ಟು, ನಡೆಸಿದ ಮನುಷ್ಯ. ದಿನಾ ಜನರನ್ನು ಪಾತಾಳಕ್ಕೆ ಇಳಿಸಿ, ಅಷ್ಟೂ ಜನರನ್ನು ಲೆಕ್ಕ ತಪ್ಪದೆ ಮೇಲೆ ತಂದು ನಿಲ್ಲಿಸಿದವನು. ಕೆಳಗಿನಿಂದ ಗಂಟೆ ಎಷ್ಟು ಸಲ ಹೊಡೆಯಿತೋ ಅಷ್ಟಕ್ಕೇ ಯಂತ್ರದ ಮೇಲೆ ಕೈ ಆಡಿಸುತ್ತಿದ್ದ. ಅಂಥವನು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಶುದ್ಧ ಕಳ್ಳ. ಹಾಗೆ ಆದದ್ದು ಹೇಗೆ ಅನ್ನೋದೇ ಅವನ ಕಥೆ.

ಆ ಕಂಪ್ಯೂಟರ್ ಆಟ ಶುರುವಾಗಿದ್ದು ಹದಿನೆಂಟು ವರ್ಷದ ಹಿಂದೆ, ಅಣ್ಣ ಕ್ಲೈವ್‌ನ ಮನೆಯಲ್ಲಿ. ದ್ವೀಪ ಹಿಡಿಯೋದು, ಊರು ಕಟ್ಟೋದು, ಹಡಗು ಬಿಡೋದು, ಎದುರಾಳಿಯ ರಾಜ್ಯ ಮುರಿಯೋದು. ಒಬ್ಬ ತನ್ನ ಸರದಿ ಆಡಿ ಎದ್ದರೆ ಇನ್ನೊಬ್ಬ ಅದೇ ಕುರ್ಚಿಗೆ ಕೂರಬೇಕು. ಕ್ಲೈವ್‌ನದು ಹಸಿರು ರಾಜ್ಯ, ನೆವಿಲ್‌ನದು ಕೆಂಪು. ಬೇರೆಯವರಾದರೆ ತಿಂಗಳಲ್ಲಿ ಮುಗಿಸಿ ಹೊಸ ಆಟ ಹೂಡುತ್ತಿದ್ದರು. ಇವರು ಗಣಿಯವರ ಮಕ್ಕಳು, ಅಗೆಯೋಕೆ ಹಿಡಿದ ಮೇಲೆ ಬಿಡೋ ಜಾಯಮಾನವೇ ಇಲ್ಲ.

ನಾಲ್ಕು ವರ್ಷವಾದ ಮೇಲೆ ಅಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದವರು ಕ್ಲಬ್ಬಿನಲ್ಲಿ ಚಹಾ ಕುಡಿದು, ಅಪ್ಪನಿಗೆ ಇಷ್ಟ ಅಂತ ಇಸ್ಪೀಟಿಗೆ ಕೂತರು. ನೆವಿಲ್ ಸಾಲಾಗಿ ಮೂರು ಆಟ ಗೆದ್ದ. ಕ್ಲೈವ್ ಎಲೆ ಬಿಸಾಕಿ ಎದ್ದವನೇ ಐವತ್ತು ಜನರ ಮುಂದೆ, "ಅಪ್ಪನ ಮಣ್ಣು ಇನ್ನೂ ಹಸಿಯಾಗಿದೆ, ಇವತ್ತಾದ್ರೂ ನೆಟ್ಟಗೆ ಆಡಬಾರದೇನೋ ಕಳ್ಳ?" ಅಂದುಬಿಟ್ಟ. ನೆವಿಲ್ ಅವತ್ತು ಮೋಸ ಮಾಡಿರಲಿಲ್ಲ. ಅಲ್ಲಿಯವರೆಗೆ ಯಾವತ್ತೂ ಮಾಡಿದವನಲ್ಲ. ಎದ್ದು ಹೋದವನು ಮತ್ತೆ ಅಣ್ಣನ ಜೊತೆ ಮಾತಾಡಲಿಲ್ಲ.

ಆದರೆ ಆಟ ಅರ್ಧಕ್ಕೆ ನಿಂತಿತ್ತಲ್ಲ! ಒಂದು ತಿಂಗಳ ಮೇಲೆ ನೆವಿಲ್‌ನ ಗೇಟಿನ ಅಂಚೆ ಡಬ್ಬಿಯಲ್ಲಿ ಒಂದು ಪೆನ್ ಡ್ರೈವ್ ಬಿದ್ದಿತ್ತು, ಸುತ್ತ ಒಂದು ಚೀಟಿ: "ನಾನು ಆಡಿದ್ದೇನೆ. ಇನ್ನು ನಿನ್ನ ಸರದಿ. ಇದರಲ್ಲಿ ಇರೋದು ಬಿಟ್ಟರೆ ಎಲ್ಲೂ ಕಾಪಿ ಇರಬಾರದು. ಇಬ್ಬರಿಗೂ ಇದೇ ಕಾನೂನು." ಕಾಪಿ ಇದ್ದವನು ಯುದ್ಧವನ್ನು ಗುಟ್ಟಾಗಿ ಹತ್ತು ಸಲ ಆಡಿ ನೋಡಿ, ಗೆಲ್ಲೋ ದಾರಿ ಹುಡುಕಿಕೊಂಡು, ಆಮೇಲೆ ನಿಜವಾಗಿ ಆಡಬಹುದು. ಆಟ ಆಡುವವರಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ.

ಚೀಟಿ ಓದಿ ನೆವಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಮಾಡದೇ ಇದ್ದಾಗಲೇ ಕಳ್ಳ ಅಂದೆಯಲ್ಲ, ತಗೋ ಹಾಗಾದರೆ, ಅಂತ ಅವತ್ತೇ ಕಾಪಿ ತೆಗೆದ. ಸಿಟ್ಟಿಗೆ ಶುರುವಾಗಿದ್ದು ಚಟವಾಯಿತು. ವಾರಕ್ಕೊಂದು ಸರದಿ, ಆಡೋ ಮುಂಚೆ ಒಂದು ಕಾಪಿ, ಆಡಿದ ಮೇಲೆ ಇನ್ನೊಂದು. ಎಲ್ಲವನ್ನೂ ಹೆಂಡತಿ ಗ್ಲೆನಿಸ್‌ಳ ಅಡುಗೆ ಬರಹಗಳ ನಡುವೆ, 'ಕುಂಬಳಕಾಯಿ ಬನ್' ಅನ್ನೋ ಫೋಲ್ಡರಿನಲ್ಲಿ ಬಚ್ಚಿಟ್ಟ. ಕುಂಬಳಕಾಯಿ ಕಳ್ಳನಿಗೆ ನಮ್ಮಲ್ಲೊಂದು ಗಾದೆ ಇದೆ ಅಂತ ಪಾಪ ಅವನಿಗೇನು ಗೊತ್ತು!

ಇಷ್ಟು ಮೋಸ ಮಾಡಿಯೂ ಗೆದ್ದನೇ? ಅದೂ ಇಲ್ಲ. ಕ್ಲೈವ್ ಆಟದಲ್ಲಿ ಹುಲಿ; ಕಾಪಿ ಇಲ್ಲದಿದ್ದರೆ ಕೆಂಪು ರಾಜ್ಯ ಡಬ್ಬಿ ಶುರುವಾದ ಎರಡನೇ ವರ್ಷಕ್ಕೇ ನೆಲಸಮವಾಗುತ್ತಿತ್ತು. ಹಾಗಂತ ತಾನೇ ಗೆಲ್ಲೋ ಹಾಗೆ ಬಂದಾಗಲೆಲ್ಲ ನೆವಿಲ್ ಬೇಕಂತಲೇ ಒಂದು ಬಂದರು ಬಿಟ್ಟುಕೊಡುತ್ತಿದ್ದ. ಆಟ ಮುಗಿದರೆ ಡಬ್ಬಿಗೆ ಏನು ಬೀಳಬೇಕು? ಇಬ್ಬರ ನಡುವೆ ಉಳಿದಿದ್ದ ಮಾತುಕತೆ ಅದೊಂದೇ. ಒಂದು ಸಲ ಕ್ಲೈವ್ ಹೊಸ ಊರು ಕಟ್ಟಿ ಅದಕ್ಕೆ 'ಮಂಡಿ ಆಪರೇಷನ್' ಅಂತ ಹೆಸರಿಟ್ಟ. ಅಣ್ಣ ಮಂಡಿ ಕೊಯ್ಸಿಕೊಳ್ಳುವ ಸುದ್ದಿ ತಮ್ಮನಿಗೆ ಸಿಕ್ಕಿದ್ದು ಹಾಗೆ. ನೆವಿಲ್ ಮೂರು ದಿನ ಊಟ ಸೇರದೆ ಒದ್ದಾಡಿ, ತನ್ನ ಹೊಸ ಹಡಗಿಗೆ 'ಹುಷಾರು ಮುದಿಯ' ಅಂತ ಹೆಸರಿಟ್ಟು ಕಳಿಸಿದ. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಈ ಜನವರಿಯ ಒಂದು ಭಾನುವಾರ ಪೆನ್ ಡ್ರೈವ್ ಬರಲಿಲ್ಲ. ಜನವರಿ ಅಂದರೆ ಅಲ್ಲಿ ಕಡು ಬೇಸಿಗೆ; ನಲವತ್ತಾರು ಡಿಗ್ರಿ ಬಿಸಿಲು, ಡಬ್ಬಿಯ ತಗಡು ಮುಟ್ಟಿದರೆ ಬೊಬ್ಬೆ ಏಳುವ ಹಾಗಿತ್ತು. ನೆವಿಲ್ ನಾಲ್ಕು ಸಲ ಮುಚ್ಚಳ ಎತ್ತಿ ನೋಡಿದ.

"ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅಂತ ಬೈದು ಗ್ಲೆನಿಸ್ ತಂಗಿಯ ಮನೆಗೆ ಹೋದಳು. ನೆವಿಲ್ ಫೋನ್ ಮಾಡಲಿಲ್ಲ. ಐದನೇ ಸಲ ಮುಚ್ಚಳ ಎತ್ತಿ ನೋಡಿದ.

ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕ್ಲೈವ್! ಟೋಪಿ ಕೈಯಲ್ಲಿ, ಮುಖ ಬೂದಿ ಬಳಿದಂತೆ.

"ಯಾರು ಹೋದ್ರು?" ಅಂದ ನೆವಿಲ್.

"ಯಾರೂ ಹೋಗಿಲ್ಲ ಕಣೋ. ಆಟ ಹೋಯ್ತು."

ಕ್ಲೈವ್ ಕರವಸ್ತ್ರ ಬಿಚ್ಚಿದ. ಒಳಗೆ ಪೆನ್ ಡ್ರೈವ್ ಸೊಟ್ಟಗಾಗಿ ಬಿದ್ದಿತ್ತು. "ನಿನಗೆ ಹಾಕೋಣ ಅಂತ ನಿನ್ನೆ ಹೊರಟೋನು ಗಾಡೀಲಿ, ಮುಂದಿನ ಗಾಜಿನ ಕೆಳಗೇ ಬಿಟ್ಟುಬಿಟ್ಟೆ. ಇಡೀ ದಿನ ಬೆಂದಿದೆ. ಮೂರು ಕಂಪ್ಯೂಟರಿಗೆ ಹಾಕಿ ನೋಡ್ದೆ, ಉಸಿರೇ ಇಲ್ಲ."

"ನಿನ್ನ ಹತ್ರ ಕಾಪಿ?"

"ಎಲ್ಲಿಂದ ಬರುತ್ತೆ? ಕಾನೂನು ಮಾಡಿದೋನು ನಾನೇ ಅಲ್ವಾ." ಕ್ಲೈವ್ ಬಾಗಿಲ ಚೌಕಟ್ಟು ಹಿಡಿದು ನಿಂತ. "ಕೇಳಿಲ್ಲಿ. ಒಂದು ಮಾತು ಹೇಳಿ ಹೋಗ್ತೀನಿ. ಅಪ್ಪನ ಮಣ್ಣಿನ ದಿನ ನಾನು ಅಂದದ್ದು ತಪ್ಪು. ಹದಿನಾಲ್ಕು ವರ್ಷ ನಿನ್ನ ಆಟ ನೋಡಿದ್ದೀನಿ. ನನ್ನನ್ನ ತಡೆದು ನಿಲ್ಲಿಸಿದ್ದೀಯ, ಅದೂ ನೆಟ್ಟಗೆ ಆಡಿ. ನೀನು ಕಳ್ಳ ಅಲ್ಲ. ತಪ್ಪಾಯ್ತು."

ಹದಿನಾಲ್ಕು ವರ್ಷ ಕಾದಿದ್ದ ಮಾತು! ಅದು ಕಿವಿಗೆ ಬಿದ್ದ ಗಳಿಗೆಯಾದರೂ ಎಂಥದ್ದು ನೋಡಿ. ಆಟ ಹತ್ತು ಹೆಜ್ಜೆ ಆಚೆ, ಒಳಗಿನ ಕೋಣೆಯಲ್ಲಿ, ಕುಂಬಳಕಾಯಿ ಬನ್ನಿನ ಒಳಗೆ ಜೀವಂತ ಇದೆ. ತೆಗೆದು ಕೊಟ್ಟರೆ ಈ ಮಾತು ಹೋಯಿತು. ಬಾಯಿ ಮುಚ್ಚಿಕೊಂಡರೆ ಮಾತು ಉಳಿಯಿತು, ಮರ್ಯಾದೆಯೂ ಉಳಿಯಿತು, ಆಟ ಹೋಯಿತು. 

"ಹೊಸದು ಶುರು ಮಾಡೋಣ," ಅಂದ, ಅರ್ಧ ಮನಸ್ಸಿನಲ್ಲಿ.

"ನನಗೆ ಅರವತ್ತೆಂಟು ಕಣೋ. ಮತ್ತೆ ಒಂದು ಗುಡಿಸಲಿಂದ ಶುರು ಮಾಡೋ ಕಸುವಿಲ್ಲ." ಕ್ಲೈವ್ ಟೋಪಿ ಹಾಕಿಕೊಂಡ. "ಬರ್ತೀನಿ. ಇನ್ನು ಈ ಕಡೆ ಬರೋ ಕೆಲಸ ಏನೂ ಇರಲ್ಲ ಬಿಡು."

ಮಂಡಿ ಎಳೆಯುತ್ತಾ ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ. ಗಾಡಿಯ ಬಾಗಿಲಿಗೆ ಕೈ ಹಾಕಿದ.

"ಕ್ಲೈವ್! ನನ್ನ ಹತ್ರ ಇದೆ!"

"ಏನಿದೆ?"

"ಆಟ. ನಾನು ಹೋದ ವಾರ ಆಡಿ ಕಳಿಸಿದ ತನಕ ಎಲ್ಲ ಇದೆ."

ಕ್ಲೈವ್ ವಾಪಸು ಬಂದು, ತಮ್ಮನನ್ನು ಒಂದು ಮಾತೂ ಕೇಳದೆ ಸೀದಾ ಕಂಪ್ಯೂಟರ್ ಮುಂದೆ ನಿಂತ. ನೆವಿಲ್ ಫೋಲ್ಡರ್ ತೆಗೆದ. ಸಾವಿರಕ್ಕೂ ಮೇಲೆ ಫೈಲು. ಕ್ಲೈವ್ ಕೆಳಗೆ ಎಳೆದ, ಇನ್ನೂ ಎಳೆದ, ತಳ ಸಿಗುವ ತನಕ ಎಳೆದ. 

"ಎಲ್ಲ ಯುದ್ಧಾನೂ ಮೊದಲೇ ಆಡಿ ನೋಡಿದ್ದೀಯ?"

"ಎಲ್ಲ."

ಕ್ಲೈವ್ ಮೇಜಿಗೆ ಗುದ್ದಿದ ಏಟಿಗೆ ಲೋಟ ಉರುಳಿ ಚೂರಾಯಿತು. "ಥೂ ನಿನ್ನ! ಈಗ ತಾನೇ ನಿನ್ನ ಮುಂದೆ ತಪ್ಪಾಯ್ತು ಅಂತ ನಿಂತಿದ್ದೆನಲ್ಲೋ! ಹಾಗಾದ್ರೆ ಅವತ್ತು ನಾನು ಅಂದದ್ದೇ ಸರಿ!"

"ಇಲ್ಲ." ಅಂದ ನೆವಿಲ್. "ಅವತ್ತು ಮಾಡಿರಲಿಲ್ಲ, ಅಪ್ಪನಾಣೆ. ನೀನು ಅಂದ ಮೇಲೆ ಮಾಡಿದೆ. ಆಮೇಲೆ ನಿಲ್ಲಿಸೋಕೆ ಭಯ ಆಯ್ತು ಕಣೋ. ಸೋತರೆ ನೀನು ಕಳಿಸೋದು ನಿಲ್ಲಿಸ್ತೀಯ ಅಂತ."

ಕ್ಲೈವ್ ಲೋಟದ ಚೂರು ದಾಟಿ ಹೊರಗೆ ನಡೆದುಬಿಟ್ಟ. ಗಾಡಿಯ ಬಾಗಿಲು ಧಡಾರ್ ಅಂದ ಸದ್ದು ಕೇಳಿ ನೆವಿಲ್ ಕುರ್ಚಿಯಲ್ಲಿ ಕುಸಿದ. ಮುಗಿಯಿತು, ಎರಡೂ ಹೋಯಿತು ಅಂದುಕೊಂಡ.

ಕ್ಲೈವ್ ಕನ್ನಡಕ ಹಾಕಿಕೊಂಡು ಒಳಗೆ ಬಂದ.

"ಏಳು ಮೇಲೆ. ನನ್ನ ಸರದಿ."

ನೆವಿಲ್ ಎದ್ದ.

"ಇನ್ಮೇಲೆ ಡಬ್ಬಿ ಗಿಬ್ಬಿ ಏನೂ ಇಲ್ಲ. ಕಳ್ಳನ ಕೈಗೆ ಬೀಗದ ಕೈ ಕೊಡೋಕೆ ನನಗೇನು ಹುಚ್ಚಾ? ಭಾನುವಾರ ಭಾನುವಾರ ನಾನೇ ಇಲ್ಲಿಗೆ ಬರ್ತೀನಿ. ನೀನು ಆಡೋವಾಗ ನಿನ್ನ ಬೆನ್ನ ಹಿಂದೇನೇ ಕೂತಿರ್ತೀನಿ. ಸಾಯೋ ತನಕ. ಅರ್ಥ ಆಯ್ತಾ?"

"ಆಯ್ತು."

"ಈಗ ಗೋಡೆ ಕಡೆ ತಿರುಗಿ ಕೂತ್ಕೋ. ನಾನು ಆಡೋದು ನೋಡಬೇಡ."

ನೆವಿಲ್ ಗೋಡೆಗೆ ಮುಖ ಮಾಡಿ ಕೂತ. ಹಿಂದೆ ಅಣ್ಣ ಗೊಣಗುತ್ತಾ ಹಡಗು ಬಿಡುತ್ತಿದ್ದ. ನೆವಿಲ್‌ನ ಕಣ್ಣು ತುಂಬಿ ಬಂದು ಕೆನ್ನೆ ಮೇಲೆ ಇಳಿಯಿತು. ಒರೆಸಿಕೊಳ್ಳೋಣ ಅಂತ ಕೈ ಎತ್ತಿದ.

"ಕೈ ಕೆಳಗಿಡೋ ಕಳ್ಳ," ಅಂದ ಕ್ಲೈವ್.