ಮಡಿಲಿನಲ್ಲಿ ದೇವರ ಪೆಟ್ಟಿಗೆ

ಹೊಗೆನಕಲ್ ದಾರಿ ಬಲು ಚೆಂದ ಅಂತ ಬಸ್ಸಿನಲ್ಲಿ ಹೋಗಿಬಂದವರು ಹೇಳುತ್ತಾರೆ. ಇರಬಹುದು. ನಾನು ನೋಡಿದ್ದು ಎತ್ತುಗಳ ಬೆನ್ನು ಮತ್ತು ನನ್ನ ಮಡಿಲಿನ ಪೆಟ್ಟಿಗೆ.

ಆಗ ಇಂಗ್ಲಿಷರು ಹೋಗಿ ಏಳೆಂಟು ವರ್ಷ. ನನಗೆ ಮದುವೆಯಾಗಿ ಎರಡು. ನಮ್ಮದು ಕಡಯಂಪಟ್ಟಿ ಹತ್ತಿರ ಕುರಿ ಸಾಕುವ ಮನೆ. ಮನೆದೇವರ ಬೆಳ್ಳಿ ಮುಖ, ಗಂಟೆ ಎಲ್ಲವನ್ನೂ ಕೆಲವು ವರ್ಷಕ್ಕೊಮ್ಮೆ ಕಾವೇರಿಗೆ ಒಯ್ದು ತೊಳೆದು ತರಬೇಕು. ಹೊಳೆಗೆ ಹೋಗಿ ಮನೆಗೆ ಮರಳುವ ತನಕ ಆ ಪೆಟ್ಟಿಗೆ ನೆಲಕ್ಕೂ ತಾಗಬಾರದು, ಗಾಡಿಯ ಹಲಗೆಗೂ ತಾಗಬಾರದು. ಚಿಕ್ಕ ಸೊಸೆ ಮಡಿಲಲ್ಲಿಟ್ಟುಕೊಂಡು ಕೂರಬೇಕು. ಮಲಗುವಾಗ ಮಾತ್ರ ಗಾಡಿಯ ಕಮಾನಿಗೆ ಕಟ್ಟಿ ತೂಗುಬಿಡುತ್ತಿದ್ದರು. ನಡುವೆ ಮೈಲಿಗೆಯಾದರೆ ಮನೆಗೆ ತಿರುಗಿ, ಶುದ್ಧಿ ಮಾಡಿಸಿ, ಮತ್ತೆ ಮೊದಲಿನಿಂದ ಹೊರಡಬೇಕು.

ಚಾಪೆ ಹೊದಿಸಿದ ಗಾಡಿಯೇ ಮೂರು ದಿನದ ಮನೆ. ರಾಗಿಹಿಟ್ಟು, ಮಡಕೆ, ಹುಲ್ಲು, ಕಂಬಳಿ, ಇವುಗಳ ನಡುವೆ ನಾನು ಮತ್ತು ಅತ್ತೆ. ಗಂಡ ಎತ್ತು ಹೊಡೆಯುತ್ತಿದ್ದ. ಮಾವ ಮುಂದೆ ನಡೆಯುತ್ತಿದ್ದರು. ಎರಡನೇ ದಿನಕ್ಕೇ ನನ್ನ ತೊಡೆ ಜೋಮು ಹಿಡಿದು ಕಟ್ಟಿಗೆಯಾಗಿತ್ತು.

ಮೂರನೇ ದಿನ ಬೆಳಗ್ಗೆ ಪೆನ್ನಾಗರ ದಾಟಿದ ಮೇಲೆ ನಾನು ಮುಟ್ಟಾದೆ. ಬಾಯಿ ಬಿಡಲಿಲ್ಲ. ಘಾಟಿ ಇಳಿಯುವ ಮುಂಚೆ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಬೇರೆ ದಿನ ಪೆಟ್ಟಿಗೆ ಅತ್ತೆಗೆ ಕೊಟ್ಟು ಮೊದಲು ಇಳಿಯುವವಳು ನಾನೇ. ಅವತ್ತು ಅಲ್ಲಾಡಲಿಲ್ಲ. ಅತ್ತೆ ನನ್ನ ಸೀರೆ ನೋಡಿದರು.

"ಯಾವಾಗ್ನಿಂದ ಲೇ?"

"ಬೆಳಗ್ಗಿಂದ, ಅತ್ತೆ."

ಗಂಡಸರನ್ನು ಕರೆಯುತ್ತಾರೆ ಅಂದುಕೊಂಡೆ. ಅವರು ಮಂಡಿ ನೀವಿಕೊಳ್ಳುತ್ತಾ ಬಂದ ದಾರಿಯ ಕಡೆ ನೋಡಿದರು.

"ವಾಪಸ್ ಮೂರು ದಿನ, ಮತ್ತೆ ಬರಾಕೆ ಮೂರು ದಿನ. ನನ್ನ ಮಂಡಿ ಕೈಲಿ ಆಗಾಕಿಲ್ಲ. ದ್ಯಾವ್ರು ಕೇಳಿದ್ರೆ ನನ್ನ ಕೇಳ್ಲಿ. ಬಾಯಿ ಮುಚ್ಕೊಂಡು ಕೂತ್ಕೋ."

ಹಳೆ ಸೀರೆ ಹರಿದು ನನ್ನ ಕಡೆ ಎಸೆದರು.

ಇಳಿಜಾರಿನಲ್ಲಿ ಗಾಡಿ ಓಡದಂತೆ ಗಂಡ ಹಿಂದೆ ಮರದ ದಿಮ್ಮಿ ಕಟ್ಟಿದ. ಒಂದೊಂದು ತಿರುವಿಗೂ ಪೆಟ್ಟಿಗೆಯ ಮೂಲೆ ಹೊಟ್ಟೆಗೆ ಬಡಿಯುತ್ತಿತ್ತು. ಹೊಳೆ ಬಂದಾಗ ಅತ್ತೆಯೇ ಪೆಟ್ಟಿಗೆ ಎತ್ತಿ ಮಾವನ ಕೈಗೆ ಕೊಟ್ಟರು. ಸೊಸೆಗೆ ಜ್ವರ, ಗಾಡಿಯಲ್ಲೇ ಇರಲಿ ಅಂದರು.

ನಾನು ಹುಲ್ಲಿನ ಮೇಲೆ ಕಾಲು ಚಾಚಿ ನಿದ್ದೆ ಹೋದೆ. ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಎದ್ದು ನೋಡಲಿಲ್ಲ. ಗಂಡ ಎಲೆಯಲ್ಲಿ ಹುರಿದ ಮೀನು ತಂದ, ತಿಂದೆ.

ತಿರುಗಿ ಬರುವಾಗ ಪೆಟ್ಟಿಗೆ ಅತ್ತೆಯ ಮಡಿಲಲ್ಲಿತ್ತು. ಸೊಸೆಗೆ ಜ್ವರ ಬಿಟ್ಟಿಲ್ಲ ಅಂತ ಮಾವನಿಗೆ ಹೇಳಿದ್ದರು. ಮಂಡಿ ನೋವೆಂದು ಮೂರು ದಿನವೂ ನನ್ನನ್ನು ಬೈದರು. ಬೈಯಲಿ ಅಂತ ಕೂತಿದ್ದೆ.